ಭೀಮಶ್ಯಾನ ಚೀಲ

ಹೇಗೆ ಶುರು ಮಾಡಲಿ? ‘ಬಾಗಿಲು ಗೋಡೆಗೆ ಒರಗಿ ನಿಂತಿತ್ತು’ ಎಂದು ಒಮ್ಮೆ ಬರೆದೆ. ಸಾಹಿತ್ಯದ ವಾಸನೆ ಬಂತು, ಹೊಡೆದುಹಾಕಿದೆ. ‘ಸಿಂದಗಿಯಲ್ಲಿ ಸಣ್ಣ ರಿಪೇರಿಗೆ ಬಡಿಗರು ಸಿಗುವುದಿಲ್ಲ’ ಎಂದು ಇನ್ನೊಮ್ಮೆ ಬರೆದೆ. ಅದು ಪೇಪರಿಗೆ ಕಳಿಸುವ ದೂರಿನಂತಾಯಿತು. ಸಾಕಾಗಿದೆ. ಆದದ್ದನ್ನು ಹೇಳುತ್ತೇನೆ, ಎಲ್ಲಿಂದ ಬೇಕಾದರೂ ಶುರು ಮಾಡಿಕೊಳ್ಳಿ.

೧

ನನ್ನ ತಂಗಿ ದಾನೇಶ್ವರಿ ಮುದ್ದೇಬಿಹಾಳದ ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದು ತಿಂಗಳಾಯಿತು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ಕೇಳಿದ್ದು ಒಂದೇ: ತನ್ನ ಕೋಣೆಗೆ ಒಳಗಿನಿಂದ ಚಿಲಕ ಬೀಳಬೇಕು. ಬಾಗಿಲು ಜೋತುಬಿದ್ದು ನೆಲ ಕೆರೆಯುತ್ತಿತ್ತು. ಚಿಲಕ ತನ್ನ ತೂತಿಗಿಂತ ಎರಡು ಬೆರಳು ಕೆಳಗೆ ನಿಲ್ಲುತ್ತಿತ್ತು.

೨

ಬಡಿಗ ಭೀಮಶ್ಯಾ ಬಂದ. ಬಾಗಿಲು ಕಳಚಿ ಗೋಡೆಗೆ ಒರಗಿಸಿದ. (ನೋಡಿ, ಆ ವಾಕ್ಯ ಹೇಗೋ ನುಸುಳಿತು.) ಚಹಾ ಕುಡಿದ, ನಾಳೆ ಬರುತ್ತೇನೆಂದು ಹೋದ. ಉಳಿ, ಸುತ್ತಿಗೆ ಇದ್ದ ಹತ್ಯಾರಿನ ಚೀಲವನ್ನು ಹೊಸ್ತಿಲ ಬಳಿಯೇ ಬಿಟ್ಟ. ಚೀಲ ಬಿಟ್ಟವನು ಎಲ್ಲಿ ಹೋದಾನು ಎಂದು ನಾನು ನೆಮ್ಮದಿಯಿಂದಿದ್ದೆ. ಒಂಬತ್ತು ದಿನವಾಯಿತು. ಫೋನ್ ಮಾಡಿದರೆ ಕನ್ನೊಳ್ಳಿಯಲ್ಲಿ ಹೊಸ ಮನೆಗೆ ಚೌಕಟ್ಟು ಕೂರಿಸುತ್ತಿದ್ದಾನಂತೆ, ಅಲ್ಲಿಗೆ ಬೇರೆ ಚೀಲವಿದೆಯಂತೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ನನ್ನ ಮನೆ.

ಇನ್ನೊಬ್ಬ ಬಡಿಗ ಸೋಮನಿಂಗನನ್ನು ಕರೆತಂದೆ. ಅವನು ಹೊಸ್ತಿಲವರೆಗೆ ಬಂದು, ಚೀಲ ನೋಡಿ, ತಿರುಗಿ ಚಪ್ಪಲಿ ಮೆಟ್ಟಿಕೊಂಡ.

‘ಒಬ್ಬರ ಚೀಲ ಇದ್ದಲ್ಲಿ ಇನ್ನೊಬ್ಬ ಉಳಿ ತಗಿಯಂಗಿಲ್ರಿ.’

ಚೀಲವನ್ನು ಅಟ್ಟಕ್ಕೆ ಹಾಕುತ್ತೇನೆ ಎಂದೆ.

‘ನಾ ನೋಡಿಬಿಟ್ಟೇನಲ್ರಿ’ ಎಂದ.

೩

ಮೊದಲ ಡ್ರಾಫ್ಟಿನಲ್ಲಿ ಇದು ಹಾಸ್ಯಕಥೆ. ದಾನೇಶ್ವರಿ ಓದಿದಳು, ನಗಲಿಲ್ಲ. ಬಾಗಿಲಿಲ್ಲದ ಆ ಕೋಣೆಯಲ್ಲಿ ಅವಳು ಮಂಚವನ್ನು ಹೊಸ್ತಿಲಿಗೆ ಅಡ್ಡ ಎಳೆದುಕೊಂಡು ಮಲಗುತ್ತಿದ್ದಳು. ಇದು ಅತಿಯಾಯಿತು, ಪರದೆ ಇದೆಯಲ್ಲ, ನಾನೂ ನನ್ನ ಹೆಂಡತಿಯೂ ಬಿಟ್ಟರೆ ಮನೆಯಲ್ಲಿ ಇನ್ಯಾರಿದ್ದಾರೆ ಎಂದೆ.

‘ಅಲ್ಲೂ ನನ್ನ ಖೋಲಿಗೆ ಚಿಲಕ ಇತ್ತಣ್ಣಾ’ ಎಂದಳು. ‘ಹೊರಗಿತ್ತು.’

ನನಗೆ ನಾಚಿಕೆಯಾಯಿತು. ಅದರ ಬೆನ್ನಿಗೇ, ಒಳ್ಳೆಯ ವಾಕ್ಯ ಸಿಕ್ಕಿತು ಎಂದೂ ಅನ್ನಿಸಿತು. (ಬರೆಯುವವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ.) ಹೋಗಿ ಬರೆದುಕೊಂಡೆ.

೪, ಅಥವಾ ಕೆಲವು ಅಂತ್ಯಗಳು

ಭೀಮಶ್ಯಾ ತಾನಾಗಿ ಬರುತ್ತಾನೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಇದನ್ನು ನೀವು ನಂಬುವುದಿಲ್ಲ.

ನಾನೇ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ಇದನ್ನು ನಾನೇ ನಂಬುವುದಿಲ್ಲ.

ಕನ್ನೊಳ್ಳಿಗೆ ಹೋಗಿ ಅವನನ್ನು ಕರೆತರುತ್ತೇನೆ. ಇದು ಎರಡನೆಯ ದಿನವೇ ಆಗಬಹುದಿತ್ತು, ಬಸ್ಸಿನಲ್ಲಿ ದೂರವೇನಲ್ಲ. ಆದರೆ ಕಥೆ ಚೆನ್ನಾಗಿ ಬರುತ್ತಿತ್ತು.

ದಾನೇಶ್ವರಿ ಈ ಹಾಳೆಯನ್ನೂ ಓದಿದಳು.

‘ಬಾಗಲಾ ಹಚ್ಚಸು ಅಂದ್ರ ಬಾಗಲದ ಮ್ಯಾಲ ಕತಿ ಬರ್ಯಾಕತ್ತೀಯಲ್ಲ.’

ತಾನು ಚಿಲಕದ ಬಗ್ಗೆ ಹೇಳಿದ ಮಾತನ್ನು ತೆಗೆದುಹಾಕು ಎಂದಳು. ಅದು ಹೋದರೆ ಕಥೆ ನಿಲ್ಲುವುದಿಲ್ಲ ಎಂದು ವಾದಿಸಿದೆ. ಬಿದ್ದರೆ ಬೀಳಲಿ ಎಂದಳು. ಸರಿ, ತೆಗೆಯುತ್ತೇನೆ ಎಂದೆ.

೫

ಹಾಗಾದರೆ ಏನು ಮಾಡಬೇಕು ಎಂದು ನಾನು ಕೇಳದ ಪ್ರಶ್ನೆಯನ್ನು ಅವಳು ಸೋಮನಿಂಗನಿಗೆ ಕೇಳಿದ್ದಳಂತೆ. ಮನೆಯವರೇ ಚೀಲ ಹೊತ್ತು ಅದರ ಬಡಿಗನ ಕೈಗೆ ಮುಟ್ಟಿಸಿದರೆ ಆ ಕೆಲಸದ ಮೇಲೆ ಅವನ ಹಕ್ಕು ಹೋಯಿತಂತೆ. ಆಮೇಲೆ ಯಾರು ಬೇಕಾದರೂ ಮಾಡಬಹುದು. ಇಂದು ಬೆಳಿಗ್ಗೆ ಚೀಲವನ್ನು ಹೆಗಲಿಗೇರಿಸಿದಳು. ಜೊತೆಗೆ ಬರುತ್ತೇನೆ ಎಂದೆ. ಬೇಡವೆಂದಳು. ಬಂದು ತಿಂಗಳಾದ ಮೇಲೆ ಅವಳು ಒಬ್ಬಳೇ ಮನೆಯಿಂದ ಹೊರಬಿದ್ದದ್ದು ಇದೇ ಮೊದಲು.

ಅವಳು ಭೀಮಶ್ಯಾನನ್ನು ಕರೆತರುತ್ತಾಳೋ, ಚೀಲ ಕೊಟ್ಟು ಬಂದು ಸೋಮನಿಂಗನನ್ನು ಕರೆಯುತ್ತಾಳೋ ಗೊತ್ತಿಲ್ಲ. ಗೊತ್ತಾದರೂ ನಿಮಗೆ ಹೇಳುವುದಿಲ್ಲ. ಅದು ಅವಳ ಕೋಣೆ. ಚೀಲ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿದೆ. ನನಗೆ ದಣಿವಾಗಿದೆ. ಅವಳು ಬರುವಷ್ಟರಲ್ಲಿ ಚಿಲಕದ ಆ ಒಂದು ಮಾತನ್ನು ತೆಗೆಯಲೆಂದೇ ಈ ಹಾಳೆಗಳನ್ನು ಮತ್ತೆ ಬಿಡಿಸಿದೆ.

ಆದರೆ ನೀವು ನೋಡಿಬಿಟ್ಟಿರಲ್ಲ.