ಏಳುಮಲೈಯ ಚಪ್ಪಲಿ

ಏಳುಮಲೈಯದು ಒಂದೂ ಫೋಟೋ ಇರಲಿಲ್ಲ. ಇದ್ದ ಮದುವೆಯ ಪಟ ಹಿಂದಿನ ವರ್ಷದ ಚಂಡಮಾರುತದಲ್ಲಿ ಗೋಡೆಸಮೇತ ಹೋಗಿತ್ತು. ಈಗ ಅವನನ್ನೂ ಕಡಲು ನುಂಗಿತ್ತು, ಹೆಣ ಸಿಕ್ಕಿರಲಿಲ್ಲ. ದೋಣಿ ಹತ್ತುವ ಮುಂಚೆ ಮರಳಿನಲ್ಲಿ ಬಿಟ್ಟುಹೋದ ಚಪ್ಪಲಿಯಷ್ಟೇ ಉಳಿದದ್ದು. ಅದರದ್ದಾದರೂ ಪಟ ತೆಗೆಸಿ, ಹಾರ ಹಾಕಿ, ಕರ್ಮ ಮುಗಿಸೋಣವೆಂದು ಅವನ ತಾಯಿ ಕುಪ್ಪಮ್ಮಾಳ್ ಹಟ ಹಿಡಿದು ಸೊಸೆ ಅಂಜಲೈಯನ್ನು ನಾಗಪಟ್ಟಣದ ಸವರಿಮುತ್ತುವಿನ ಸ್ಟುಡಿಯೋಗೆ ಕರೆತಂದಿದ್ದಳು. ಹಾರ ಬಿದ್ದ ದಿನ ಅಂಜಲೈಯ ಕೊರಳಿನ ತಾಳಿ ಇಳಿಯಬೇಕು. ದಾರಿಯುದ್ದಕ್ಕೂ ಇಬ್ಬರೂ ಆ ಮಾತೆತ್ತಲಿಲ್ಲ.

ಚಪ್ಪಲಿಗೆ ಹಾರವೇ ಎಂದು ಸವರಿಮುತ್ತು ಹಿಂಜರಿದ. ಮಗ ಬಿಟ್ಟುಹೋದದ್ದು ಅದೊಂದೇ, ಊರವರು ಆಡಿಕೊಂಡರೆ ಆಡಿಕೊಳ್ಳಲಿ ಎಂದಳು ಮುದುಕಿ.

ಅವನು ಗೋಡೆಯ ಪಕ್ಕ ಹಲಗೆ ಹಾಕಿ ಚಪ್ಪಲಿ ಇಟ್ಟ. ಅಂಜಲೈ ಬಗ್ಗಿ ಅವುಗಳ ಮೂತಿಯನ್ನು ಒಳಕ್ಕೆ ತಿರುಗಿಸಿದಳು.

“ಬೆಳಕು ಜಾಸ್ತಿ ಬಿಡಿ ಅಣ್ಣಾ. ಈಗ ತಾನೇ ಬಿಟ್ಟು ಮನೆಯೊಳಗೆ ಹೋದ ಹಾಗೆ ಕಾಣಬೇಕು.”

“ಒಳಗೆ ಹೋಗಿ ಊಟಕ್ಕೆ ಕೂತವ್ನೇನೇ?” ಎಂದಳು ಕುಪ್ಪಮ್ಮಾಳ್.

ಸವರಿಮುತ್ತು ಬಾಗಿಲಿನ ಎರಡೂ ಕದ ತೆರೆದ. ಬಿಸಿಲು ನುಗ್ಗಿತು. ಉಪ್ಪಿನ ಬಿಳಿ ಕಲೆ, ಅಂಜಲೈಯೇ ಬಲೆಯ ನೀಲಿ ದಾರದಿಂದ ಹೊಲಿದಿದ್ದ ಬಾರು, ಹೆಬ್ಬೆರಳು ಒತ್ತಿ ಒತ್ತಿ ಮೂಡಿದ ಗುಳಿ, ಎಲ್ಲವೂ ಕಣ್ಣಿಗೆ ಹೊಡೆದವು. ಗುಳಿ ತೊಳೆದಿಟ್ಟ ತಟ್ಟೆಯಂತೆ ಬರಿದಾಗಿತ್ತು. ಆ ಕಾಲು ಇಲ್ಲವೆಂಬುದು ಇಷ್ಟು ದಿನ ಕತ್ತಲೆಯ ಗುಡಿಸಲಿನಲ್ಲಿ ಹೀಗೆ ಕಂಡಿರಲಿಲ್ಲ.

ಸವರಿಮುತ್ತು ಕ್ಯಾಮೆರಾಗೆ ಕಣ್ಣಿಟ್ಟ.

“ತಡೀರಿ,” ಎಂದಳು ಅಂಜಲೈ.

ತಾನೇ ಹೋಗಿ ಬಾಗಿಲಿನ ಒಂದು ಕದ ಮುಚ್ಚಿದಳು. ಇನ್ನೊಂದನ್ನು ಅಂಗೈಯಗಲ ಉಳಿಸಿ ಎಳೆದಳು. ಬೆಳಕು ಪಕ್ಕದಿಂದ ತೆಳ್ಳಗೆ ಬಂದು ಚಪ್ಪಲಿಯ ಅಂಚನ್ನಷ್ಟೇ ಸವರಿತು; ಗುಳಿಗಳಲ್ಲಿ ನೆರಳು ತುಂಬಿಕೊಂಡಿತು. ಭಾರವಾದ ಎರಡು ಕಾಲು ಅದರೊಳಗೆ ಊರಿದಂತಿತ್ತು, ಮೇಲಿನ ಕತ್ತಲಲ್ಲಿ ಯಾರೋ ಸುಮ್ಮನೆ ನಿಂತಂತೆ. ಕುಪ್ಪಮ್ಮಾಳ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಂಜಲೈ ಮತ್ತೆ ಬಗ್ಗಿದಳು. ಚಪ್ಪಲಿಗಳನ್ನು ಬಾಗಿಲ ಕಡೆಗೆ ತಿರುಗಿಸಿದಳು. ಅವಳು ಮರಳಿನಿಂದ ಎತ್ತಿಕೊಂಡಾಗಲೂ ಅವು ಹಾಗೆಯೇ ಕಡಲಿಗೆ ಮುಖ ಮಾಡಿದ್ದವು.

“ಈಗ ತೆಗೀರಿ ಅಣ್ಣಾ. ಹೊರಟವ್ರೆ.”

ಕ್ಯಾಮೆರಾ ಸದ್ದು ಮಾಡಿತು. ಬಾಗಿಲು ತೆರೆಯಲು ಯಾರೂ ಹೋಗಲಿಲ್ಲ.

“ಹಾರ ಯಾವತ್ತು, ಅತ್ತೆ?” ಎಂದಳು ಅಂಜಲೈ.

ಇಷ್ಟು ದಿನ ಅದನ್ನೇ ಹೇಳುತ್ತಿದ್ದ ಮುದುಕಿ ಕೈಚಾಚಿ ಸೊಸೆಯ ತಾಳಿಯನ್ನು ಸೆರಗಿನೊಳಗೆ ಮುಚ್ಚಿಟ್ಟಳು.