ಮಷಿನ್ನಿಗೆ ಬಿಟ್ಟ ಜಾಗ

ಸುಣ್ಣ ಬಳಿಯುವ ಸಿದ್ದಪ್ಪ ಕುಂಚವನ್ನು ಬಕೆಟ್ಟಿನಲ್ಲಿ ಬಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ನೋಡಿ ನಕ್ಕ. ನಗುವಂಥದ್ದು ಅಲ್ಲೇನೂ ಇರಲಿಲ್ಲ. ಮೂರನೆಯ ಸಲ ಬಳಿದ ಸುಣ್ಣವೂ ಒಣಗುತ್ತ ಬಂದ ಹಾಗೆ, ಕಿಟಕಿಯ ಪಕ್ಕದಲ್ಲಿ ಆ ನೀಲಿ ಗೆರೆಗಳು ಮತ್ತೆ ಎದ್ದು ಬಂದಿದ್ದವು.

“ಅಕ್ಕಾರ, ಇಲ್ಲಿ ಬರ್ರಿ. ನಿಮ್ಮ ಗೆರಿ ಮತ್ತ ಹಾಜರ್.”

ರತ್ನವ್ವ ಚಹಾದ ಲೋಟ ಹಿಡಿದು ಹಿಂದಿನ ಮನೆಗೆ ಬಂದಳು. ಬೈರಿದೇವರಕೊಪ್ಪದ ಆ ಓಣಿಯಲ್ಲಿ ಅವಳದು ಮುಂದೊಂದು, ಹಿಂದೊಂದು ಮನೆ. ಮುಂದಿನದರಲ್ಲಿ ಅವಳೊಬ್ಬಳೇ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಂದಿನ ಎರಡು ಖೋಲಿಯ ಬಾಡಿಗೆಯೇ ಅವಳ ಊಟ, ಔಷಧಿ. ಆ ಮನೆ ಆರು ತಿಂಗಳಿಂದ ಖಾಲಿ ಬಿದ್ದಿತ್ತು.

ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಅಡ್ಡಗೆರೆ, ಅದರ ಎರಡೂ ತುದಿಯಿಂದ ನೆಲದವರೆಗೆ ಇಳಿದ ಎರಡು ಗೆರೆ. ಅದರಾಚೆ ಅಂಥದೇ ಇನ್ನೊಂದು, ಸ್ವಲ್ಪ ಅಗಲವಾದದ್ದು. ಅಷ್ಟೇ.

“ಇದು ಟೇಲರ್ ಬಳಪರೀ,” ಎಂದ ಸಿದ್ದಪ್ಪ. “ಒಳಗ ಮೇಣಾ ಇರತೈತಿ. ಮೇಣದ ಮ್ಯಾಲ ಸುಣ್ಣ ಕುಂಡ್ರೂದಿಲ್ಲ. ಹತ್ತು ಸಲಾ ಬಳದ್ರೂ ಇಷ್ಟ. ಕೆತ್ತಿ ತಗದಬಿಡ್ಲೇನು? ಅರ್ಧಾ ತಾಸಿನ ಕೆಲಸ.”

ಚಹಾ ಕೊಡಲು ರತ್ನವ್ವ ಕಿಟಕಿಯ ಕಡೆಗೆ ನಡೆದಳು. ನೆಟ್ಟಗೆ ನಡೆದಿದ್ದರೆ ನಾಲ್ಕೇ ಹೆಜ್ಜೆ. ಅವಳು ಬಾಗಿಲಿನ ಕಡೆಯಿಂದ ಸುತ್ತು ಹಾಕಿ ಹೋದಳು, ನಡುವೆ ಏನೋ ಭಾರದ ವಸ್ತು ಇಟ್ಟಿದ್ದಾರೆ ಎಂಬಂತೆ. ಸಿದ್ದಪ್ಪ ಅದನ್ನು ನೋಡಿದ. ತನ್ನ ಏಣಿಯನ್ನು ತಾನೂ ಆ ಜಾಗ ಬಿಟ್ಟೇ ಇಟ್ಟಿದ್ದೇನೆ ಎಂಬುದು ಆಗ ಅವನ ಗಮನಕ್ಕೆ ಬಂತು.

“ಇಲ್ಲಿ ಯಾರರ ಸತ್ತಾರೇನ್ರಿ?” ಈ ಸಲ ಅವನು ನಗಲಿಲ್ಲ.

“ಇಲ್ಲಪಾ. ಸುಡುಗಾಡು ಮಾತು ಆಡಬ್ಯಾಡ. ಚಾ ಕುಡಿ.”

ಸತ್ತವರಿರಲಿಲ್ಲ. ಇದ್ದವರೂ ಇರಲಿಲ್ಲ. ಅದೇ ಆ ಮನೆಯ ಪೀಡೆ.

ಯುಗಾದಿ ಕಳೆದು ಬಿಸಿಲು ಏರಿದ ಒಂದು ಮಧ್ಯಾಹ್ನ ಆ ಗೆರೆ ಎಳೆದವಳು ಬಂದಿದ್ದಳು. ನಲವತ್ತರ ಹೆಂಗಸು, ಮಾಸಿದ ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೈಯಲ್ಲೊಂದು ಬಟ್ಟೆಯ ಚೀಲ. ಗೇಟಿಗೆ ಕಟ್ಟಿದ ‘ಮನೆ ಬಾಡಿಗೆಗೆ ಇದೆ’ ರಟ್ಟನ್ನು ಓದಿ, ಮೊದಲು ಕೇಳಿದ್ದು ನೀರು. ಆಮೇಲೆ ಮನೆ.

“ಹನ್ನೊಂದ ಮನಿ ನೋಡೀನ್ರಿ ಅಕ್ಕಾರ. ಕೇಶ್ವಾಪುರದಾಗ ಸೀರಿ ಅಂಗಡಿಗೆ ಫಾಲು, ಪಿಕೋ ಮಾಡಿಕೊಡತೇನಿ. ಅಲ್ಲೇ ಮನಿ ಸಿಕ್ರ ಛಲೋ ಇತ್ತು. ಆದ್ರ ಅಲ್ಲಿ ಬಾಡಗಿ ಕೇಳಿದ್ರ ಮಷಿನ್ ಮಾರಿ ಮನ್ಯಾಗ ಸುಮ್ಮನ ಕುಂಡ್ರಬೇಕು. ಊರ ಹೊರಗ ಸಸ್ತಾ ಅದಾವು, ಬಸ್ಸಿಲ್ಲ. ಮಗಳು ಧಾರವಾಡದ ಹಾದ್ಯಾಗ ನರ್ಸಿಂಗ್ ಕಲಿಯಾಕತ್ತಾಳ. ನಿಮ್ಮ ಓಣಿ ತುದಿಗೇ ಚಿಗರಿ ಬಸ್ ನಿಲ್ಲತೈತಿ ನೋಡ್ರಿ, ಅದಕ್ಕ ಇಳದೆ.”

ಅವಳಿದ್ದ ಹಳೆಯ ಚಾಳನ್ನು ಕೆಡವಿ ಕಾಂಪ್ಲೆಕ್ಸ್ ಕಟ್ಟುವವರಿದ್ದರು. ಹದಿನೈದು ದಿನ ಉಳಿದಿತ್ತು. ಮನೆ ಸಿಗದಿದ್ದರೆ ತವರೂರಾದ ಸುಳ್ಳಕ್ಕೆ ಹೋಗಬೇಕು. ಅಲ್ಲಿಂದ ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು, ಹೊತ್ತಿಗೆ ಮುಟ್ಟುವುದಿಲ್ಲ, ಹಾಜರಾತಿ ಬೀಳುತ್ತದೆ, ಪರೀಕ್ಷೆಗೆ ಕೂಡಿಸುವುದಿಲ್ಲ. ಇದನ್ನೆಲ್ಲ ಅವಳು ಅಳದೆ, ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು.

ಮನೆ ಅವಳಿಗೆ ಹಿಡಿಸಿತು. ಕಿಟಕಿಯ ಬೆಳಕಿಗೆ ಕೈ ಒಡ್ಡಿ ನೋಡಿದಳು. ಚೀಲದಿಂದ ಟೇಪು, ನೀಲಿ ಬಳಪ ತೆಗೆದಳು. “ಅಕ್ಕಾರ, ಗೆರಿ ಎಳೀಲೇನ್ರಿ? ಮಷಿನ್ ಇಲ್ಲಿ ಕುಂಡ್ರತೈತೋ ಇಲ್ಲೋ ನೋಡೂಣು. ಈ ತುದಿ ಒಂದೀಟು ಹಿಡೀರಿ.”

ರತ್ನವ್ವ ಟೇಪಿನ ತುದಿ ಹಿಡಿದಳು. ಇಲ್ಲಿ ಮಷಿನ್, ಇಲ್ಲಿ ಮಗಳ ಓದುವ ಮೇಜು. ಗಂಡ ಹೋದ ಮೇಲೆ ಆ ಮನೆಯಲ್ಲಿ ಯಾರ ಜೊತೆಗಾದರೂ ಕೂಡಿ ಅವಳು ಮಾಡಿದ ಮೊದಲ ಕೆಲಸ ಅದು. ಇಬ್ಬರೂ ನಕ್ಕರು, ಚಹಾ ಕುಡಿದರು. ಆ ಓಣಿಯಲ್ಲಿ ಬಾಡಿಗೆಗೆ ಬಂದವರನ್ನು ನೇರ ಜಾತಿ ಕೇಳುವ ಪದ್ಧತಿಯಿಲ್ಲ, “ನಿಮ್ಮ ಮಠ ಯಾವುದರಿ?” ಎಂದು ಕೇಳುತ್ತಾರೆ. ಉತ್ತರ ಬಂದರೆ ಕೀಲಿ, ತಡವರಿಸಿದರೆ ಮನೆ ಆಗಲೇ ಹೋಗಿಬಿಟ್ಟಿರುತ್ತದೆ. ರತ್ನವ್ವನೂ ಗಂಡನೂ ಮೊದಲ ಸಲ ಹುಬ್ಬಳ್ಳಿಯಲ್ಲಿ ಮನೆ ಹುಡುಕಿದಾಗಲೂ ಆ ಪ್ರಶ್ನೆಗೆ ಉತ್ತರ ಹೇಳಿಯೇ ಒಳಗೆ ಹೋಗಿದ್ದರು. ಉತ್ತರವಿಲ್ಲದವರು ಎಲ್ಲಿಗೆ ಹೋದರೆಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಆ ದಿನ ಟೇಪು ಹಿಡಿಯುವ ಸಂಭ್ರಮದಲ್ಲಿ ಅದನ್ನು ಕೇಳುವುದೇ ಮರೆತಳು. “ತಂಗಿ” ಅಂದಳು, ಹೆಸರು ಬೇಕಾಗಲಿಲ್ಲ.

“ಗುರುವಾರ ಬಂದು ಹಾಲು ಉಕ್ಕಸು ತಂಗಿ. ಮನಿ ನಿಂದ.”

ಗುರುವಾರ ಅವಳು ಬಂದಳು. ಒಂದು ಸ್ಟೀಲ್ ಡಬರಿಯ ತುಂಬ ಹಾಲು, ಮೇಲೊಂದು ತಟ್ಟೆ ಮುಚ್ಚಿತ್ತು. ಜೊತೆಗೆ ಮಗಳು ಅಫ್ರೀನ್, ತಲೆಗೆ ಕಪ್ಪು ವಸ್ತ್ರ ಸುತ್ತಿದ ಎತ್ತರದ ಹುಡುಗಿ. “ಅಮ್ಮೀ, ಇದ ಗೇಟೇನ?” ಎಂದು ಅವಳು ಕೂಗಿದ್ದು ಓಣಿಗೆಲ್ಲ ಕೇಳಿತು.

ಪಕ್ಕದ ಮನೆಯ ಶಾಂತಯ್ಯ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದವರು ಎದ್ದು ಬಂದು, ರತ್ನವ್ವನನ್ನು ಗೋಡೆಯ ಪಕ್ಕಕ್ಕೆ ಕರೆದರು.

“ರತ್ನವ್ವಾರ, ನಾ ಅವರನ್ನ ಕೆಟ್ಟವರಂತ ಅನ್ನಂಗಿಲ್ಲ. ನಮ್ಮಪ್ಪನ ಅಂಗಡ್ಯಾಗ ಅವರ ಪೈಕಿ ಇಬ್ಬರಿದ್ರು, ಜೀವಕ್ಕ ಜೀವಾ ಕೊಡೂವಂಥವ್ರು. ಆದ್ರ ಮನಿ ಅಂದ್ರ ಬ್ಯಾರೆ. ಇವತ್ತ ನೀವು ಕೊಟ್ರಿ ಅಂದ್ರ ನಾಳೆ ಈ ಓಣ್ಯಾಗ ಯಾರೂ ಜಾಗಾ ತಗೊಳ್ಳಂಗಿಲ್ಲ. ನಂದೊಂದು ಪ್ಲಾಟ್ ಮಾರೂದೈತಿ, ಮಗಳ ಮದುವಿ ಐತಿ. ನೀವರೆ ಒಬ್ಬಾಕಿ ಇರ್ತೀರಿ. ನಿಮಗ ಏನರ ಆತಂದ್ರ ಓಡಿ ಬರಾವ್ರು ಯಾರು? ನಾವ ಅಲ್ಲೇನು?”

ಕೊನೆಯ ಮಾತನ್ನು ಅವರು ಮೆತ್ತಗೆ ಹೇಳಿದರು. ಅದಕ್ಕೇ ಅದು ನಾಟಿತು.

ರತ್ನವ್ವ ಗೇಟಿಗೆ ಬಂದಳು. ಗೇಟು ತೆರೆಯಲಿಲ್ಲ. “ತಂಗಿ, ಒಂದು ತಪ್ಪಾತವಾ. ನನ್ನ ತಂಗಿ ಮಗಾ ಇಲ್ಲೇ ಬರಾಕತ್ತಾನ ನೌಕರಿಗೆ. ನಿನ್ನೆ ರಾತ್ರಿ ಫೋನ್ ಬಂತು. ಅವಗ ಮನಿ ಬೇಕಾತು.”

ಆ ಹೆಂಗಸು ಶಾಂತಯ್ಯನನ್ನು ನೋಡಿದಳು, ರತ್ನವ್ವನನ್ನು ನೋಡಿದಳು. ಹನ್ನೊಂದು ಮನೆ ನೋಡಿದವಳಿಗೆ ಮತ್ತೇನೂ ಕೇಳಬೇಕಾಗಿರಲಿಲ್ಲ.

“ಹೌದೇನ್ರಿ ಅಕ್ಕಾರ,” ಎಂದು ಡಬರಿಯನ್ನು ಗೇಟಿನ ಪಕ್ಕದ ಕಟ್ಟೆಯ ಮೇಲಿಟ್ಟಳು. “ಈ ಬಿಸಲಾಗ ನಾ ಹೊತಗೊಂಡು ಹೋದ್ರ ಒಡೀತಾವು. ನಿಮ್ಮ ಮನಿಗೆ ಮಂದಿ ಬರಾಕತ್ತಾರಂದ್ರ ಹಾಲು ಬೇಕಾಗತಾವು. ಇಟಗೋರಿ.”

ತಾಯಿ ಮಗಳು ಬಸ್ ಸ್ಟಾಪಿನ ಕಡೆಗೆ ನಡೆದರು. ಹುಡುಗಿ ಮಾತ್ರ ಎರಡು ಸಲ ಹಿಂದೆ ನೋಡಿದಳು.

ಹಾಲನ್ನು ರತ್ನವ್ವ ಕಾಯಿಸಲು ಇಟ್ಟಳು. ಒಡೆಯಿತು. ಚೆಲ್ಲಿ, ಡಬರಿ ತೊಳೆಯುವಾಗ ಅಂಚಿನಲ್ಲಿ ಕೊರೆಸಿದ ಅಕ್ಷರ ಕಂಡವು: ‘ಮಾಬೂಬಿ, ಸುಳ್ಳ’. ಆ ಹೆಂಗಸಿನ ಹೆಸರು ಅವಳಿಗೆ ಗೊತ್ತಾದದ್ದೇ ಹಾಗೆ.

ಆವತ್ತಿನಿಂದ ಶುರುವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹಿಂದಿನ ಮನೆಯಿಂದ ಟಕಟಕ ಟಕಟಕ ಎಂದು ಮಷಿನ್ ತುಳಿದ ಸದ್ದು. ಹೋಗಿ ಬಾಗಿಲು ತೆರೆದರೆ ನಲ್ಲಿ ಸೋರುತ್ತಿರುತ್ತಿತ್ತು. ನಲ್ಲಿ ರಿಪೇರಿ ಮಾಡಿಸಿದಳು. ಸದ್ದು ನಿಲ್ಲಲಿಲ್ಲ. ಒಡೆದ ಹಾಲಿನ ವಾಸನೆ ಎಷ್ಟು ತೊಳೆದರೂ ಅಡುಗೆಮನೆಯಲ್ಲಿ ಸುಳಿಯುತ್ತಿತ್ತು. ಕಸ ಹೊಡೆಯಲು ಹೋದರೆ ಪೊರಕೆ ಮಷಿನ್ನಿನ ಜಾಗದ ಸುತ್ತ ತಿರುಗುತ್ತಿತ್ತು. ಅಲ್ಲಿ ಬರಿ ನೆಲ. ಆದರೆ ಕಾಲು ಅಲ್ಲಿ ಇಡಲು ಬರುತ್ತಿರಲಿಲ್ಲ.

ಜೂನಿನಲ್ಲಿ ಗುರುಪಾದ, ಆರತಿ ಎಂಬ ಹೊಸ ಗಂಡ ಹೆಂಡತಿ ಮನೆ ನೋಡಲು ಬಂದರು. ಮಠ ಕೇಳಿದ್ದಾಯಿತು, ಉತ್ತರ ಬಂದದ್ದಾಯಿತು. ಆರತಿ ಗೋಡೆಯ ಗೆರೆ ನೋಡುತ್ತ ನಿಂತಳು.

“ಇಲ್ಲಿ ಯಾರೋ ಇದ್ದಂಗ ಐತಲ್ರಿ?”

“ಯಾರೂ ಇದ್ದಿಲ್ಲವಾ.”

“ಯಾರೂ ಇಲ್ಲಂದ್ರ, ನೀವ್ಯಾಕ ಆ ಜಾಗಾ ಸುತ್ತ ಹಾಕಿ ಹೋದ್ರಿ?”

ಅವರು ಮತ್ತೆ ಬರಲಿಲ್ಲ. ಆಮೇಲೆ ಬಂದವರಿಗೂ ಹಾಗೇ ಆಯಿತು. ಓಣಿಯಲ್ಲಿ ದೆವ್ವದ ಸುದ್ದಿ ಹಬ್ಬಿತು. “ನಾನ ಬಂದು ನಾಕೂ ಮೂಲಿಗೆ ವಿಭೂತಿ ಹಚ್ಚತೇನ್ರಿ,” ಎಂದು ಶಾಂತಯ್ಯ ಹೇಳಿದರು, ಮೂಲೆಗಷ್ಟೇ ಅಲ್ಲ, ಗೆರೆಯ ಮೇಲೂ ಹಚ್ಚಿ ಹೋದರು. ಎರಡನೆಯ ದಿನ ಗೆರೆ ವಿಭೂತಿಯ ನಡುವಿನಿಂದಲೇ ನೋಡುತ್ತಿತ್ತು.

ಈಗ ದೀಪಾವಳಿ ಬಂತೆಂದು ಸಿದ್ದಪ್ಪನನ್ನು ಕರೆಸಿದ್ದು. ಅವನು ಚಹಾ ಮುಗಿಸಿ, ಬೀಡಿ ಹಚ್ಚಲೋ ಬೇಡವೋ ಎಂದು ನೋಡಿ, ಕೊನೆಗೆ ಕೇಳಿದ, “ಖರೇ ಹೇಳ್ರಿ ಅಕ್ಕಾರ. ಯಾರು ಗೆರಿ ಎಳದವ್ರು?”

ಆರು ತಿಂಗಳಿಂದ ಯಾರೂ ಇದನ್ನು ಕೇಳಿರಲಿಲ್ಲ. ರತ್ನವ್ವ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದಳು. ತಂಗಿ ಮಗನ ಮಾತನ್ನೂ ಬಿಡಲಿಲ್ಲ.

ಸಿದ್ದಪ್ಪ ಬೀಡಿಯನ್ನು ಕಿವಿಯ ಹಿಂದೆ ಸಿಕ್ಕಿಸಿ, “ಸತ್ತವರು ಕುಂತಿದ್ರ ಲಿಂಬಿಹಣ್ಣು ಇಳಿಸಿ ಒಗೀಬಹುದಿತ್ತು,” ಎಂದ. “ಇವರು ಬದುಕಿ ಕುಂತಾರ. ಇದಕ್ಕ ನನ್ನ ಸುಣ್ಣಾನೂ ನಡ್ಯಾಂಗಿಲ್ಲ, ಅಯ್ಯಾರ ವಿಭೂತೀನೂ ನಡ್ಯಾಂಗಿಲ್ಲ. ಕೆತ್ಲೇನು?”

“ಬ್ಯಾಡ,” ಎಂದಳು ರತ್ನವ್ವ.

ಮುಂದಿನ ಮನೆಗೆ ಹೋಗಿ ಅಟ್ಟದಿಂದ ಮಾಬೂಬಿಯ ಡಬರಿ ಕೆಳಗಿಳಿಸಿದಳು. ಯಾರಾದರೂ ತುಂಬಿ ಕೊಟ್ಟ ಪಾತ್ರೆಯನ್ನು ಖಾಲಿ ತಿರುಗಿಸಬಾರದೆಂದು ಅವಳ ಅವ್ವ ಕಲಿಸಿದ್ದಳು. ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಸಕ್ಕರೆ ಡಬ್ಬಿಗೆ ಕೈ ಹಾಕಿದಳು, ತೆಗೆದಳು. ಆಮೇಲೆ ಮೊಳೆಗೆ ತೂಗುಹಾಕಿದ್ದ ಹಿಂದಿನ ಮನೆಯ ಕೀಲಿಯನ್ನು ಡಬರಿಯೊಳಗೆ ಹಾಕಿ ತಟ್ಟೆ ಮುಚ್ಚಿದಳು.

ಕೇಶ್ವಾಪುರದಲ್ಲಿ ಬಸ್ಸು ಬದಲಿಸಿ ಅವಳು ಸುಳ್ಳಕ್ಕೆ ಹೋದಳು. ದಾರಿಯುದ್ದಕ್ಕೂ ತೊಡೆಯ ಮೇಲೆ ಕೀಲಿ ಕಿಣಿಕಿಣಿ ಎನ್ನುತ್ತಿತ್ತು. ಊರಲ್ಲಿ ಕೇಳಿದ ಕೂಡಲೇ ಮನೆ ತೋರಿಸಿದರು, ಮಾಬೂಬಿಯ ಅಣ್ಣ ಯಾಕೂಬಸಾಬನ ಮನೆ. ಓಣಿಯ ತಿರುವಿನಲ್ಲೇ ಸದ್ದು ಕೇಳಿತು: ಟಕಟಕ ಟಕಟಕ. ಆರು ತಿಂಗಳು ಖಾಲಿ ಖೋಲಿಯಲ್ಲಿ ಕೇಳಿದ ಸದ್ದು, ಇಲ್ಲಿ ಹಗಲು ಬೆಳಕಿನಲ್ಲಿ, ಒಬ್ಬ ಹೆಂಗಸಿನ ಕಾಲಡಿ ಇತ್ತು. ಮಷಿನ್ ಪಡಸಾಲೆಯ ಮೂಲೆಯಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ ಇಕ್ಕಟ್ಟಾಗಿ ಕೂತಿತ್ತು.

ಮಾಬೂಬಿ ಅವಳನ್ನು ನೋಡಿ ಕಾಲು ನಿಲ್ಲಿಸಿದಳು. “ಬರ್ರಿ ಒಳಗ,” ಎಂದಳು. “ಅಫ್ರೀನ್, ನೀರು ತಾ.” ಯಾಕೆ ಬಂದಿರಿ ಎಂದು ಅವಳೂ ಕೇಳಲಿಲ್ಲ, ಯಾರ ಪೈಕಿ ಎಂದು ಮನೆಯವರೂ ಕೇಳಲಿಲ್ಲ. ಚಾಪೆ ಹಾಸಿದರು.

ಅಫ್ರೀನ್ ನೀರಿನ ತಂಬಿಗೆ ಕುಕ್ಕಿ ಇಟ್ಟಳು. “ಅಮ್ಮೀ, ಮೊದಲ ಕೇಳು, ತಂಗಿ ಮಗಗ ನೌಕರಿ ಹೆಂಗ ನಡದೈತಂತ.”

“ಏ, ಸುಮ್ಮನಿರು.”

“ಯಾಕ ಸುಮ್ಮನಿರಲಿ? ಮುಂದಿನ ತಿಂಗಳು ಹಾಜರಿ ಕಡಿಮಿ ಬಿತ್ತಂದ್ರ ನನ್ನ ಹೆಸರು ತಗೀತಾರ. ಕಾಲೇಜಿನವರೇನು ಸುಮ್ಮನಿರ್ತಾರ?”

ರತ್ನವ್ವ ನೀರು ಕುಡಿಯಲಿಲ್ಲ. ಡಬರಿಯನ್ನು ಮುಂದೆ ಸರಿಸಿದಳು. “ನನಗ ತಂಗಿನ ಇಲ್ಲವಾ,” ಎಂದಳು. “ನಾ ಒಬ್ಬಾಕಿನ ಹುಟ್ಟೀನಿ.”

ಮಾಬೂಬಿ ತಟ್ಟೆ ತೆಗೆದು ಒಳಗೆ ನೋಡಿದಳು.

“ಇದರಾಗ ಹಾಲಿದ್ವು.”

“ನಾ ಕೆಡಿಸಿದೆ.”

“ನಿಮ್ಮ ಬಾಜೂದವರು ಮತ್ತ ಏನರ ಅಂದ್ರ?”

“ಅಂತಾರ. ಅನ್ಲಿ. ಅವರಿಗೆ ಅವರ ಪ್ಲಾಟಿನ ಚಿಂತಿ. ನನಗ ಆ ಖೋಲ್ಯಾಗ ಕಾಲಿಡಾಕ ಆಗವಲ್ದು ತಂಗಿ. ನಿನ್ನ ಮಷಿನ್ ಅಲ್ಲೇ ಐತಿ. ದಿನಾ ಸುತ್ತ ಹಾಕಿ ಹೋಗತೇನಿ.”

ಮಾಬೂಬಿ ಕೀಲಿಯನ್ನು ಕೈಯಲ್ಲಿ ಹಿಡಿದು ತೂಗಿದಂತೆ ಮಾಡಿ, ರತ್ನವ್ವನ ಅಂಗೈಯಲ್ಲಿ ವಾಪಸು ಇಟ್ಟಳು. ರತ್ನವ್ವನ ಮುಖ ಇಳಿಯಿತು.

“ಇಲ್ಲೆ ಕೊಟ್ರ ಆಗಂಗಿಲ್ರಿ,” ಎಂದಳು ಮಾಬೂಬಿ. “ಗೇಟು ಮುಚ್ಚಿದ್ದು ಓಣಿ ಮಂದಿ ಎಲ್ಲಾ ನೋಡ್ಯಾರ. ತಗಿಯೂದನ್ನೂ ಅವರ ಮುಂದ ತಗೀರಿ. ಗುರುವಾರ ಬರತೇವಿ.”

ಗುರುವಾರ ಮುಂಜಾನೆ ಒಂಬತ್ತಕ್ಕೆ ರತ್ನವ್ವ ಗೇಟಿನ ಎರಡೂ ಬಾಗಿಲು ತೆರೆದು ನಡುವೆ ನಿಂತಿದ್ದಳು. ಶಾಂತಯ್ಯ ಕಟ್ಟೆಯ ಮೇಲಿದ್ದರು. ಪೇಪರು ಮಡಿಚಿದ್ದರು.

“ವಿಚಾರ ಮಾಡೀರೇನ್ರಿ ರತ್ನವ್ವಾರ?”

“ಆರು ತಿಂಗಳಾ ಮಾಡೀನ್ರಿ ಅಯ್ಯಾರ.”

“ನಾ ಬರಾಂಗಿಲ್ಲ ಮತ್ತ, ನಿಮಗ ಏನರ ಆದ್ರ.”

“ಹಿಂದಿನ ಮನ್ಯಾಗ ನರ್ಸ್ ಇರ್ತಾಳ್ರಿ. ನಿಮಗ ಏನರ ಆದ್ರೂ ಕರೀರಿ.”

ಸಾಮಾನಿನ ಟಂಟಂ ಗಾಡಿ ಬಂದು ನಿಂತಿತು. ಯಾಕೂಬಸಾಬನೂ ಗಾಡಿಯವನೂ ಮಷಿನ್ ಇಳಿಸಿ ಎತ್ತಿಕೊಂಡು ಶಾಂತಯ್ಯನ ಮುಂದೆಯೇ ಹಾದುಹೋದರು. ಶಾಂತಯ್ಯ ಮುಖ ಆಚೆ ತಿರುಗಿಸಿ ಕೂತಿದ್ದರು. ಆದರೆ ಮಷಿನ್ನಿನ ಕಾಲು ಕಲ್ಲಿಗೆ ತಾಗಿದ ಸದ್ದಿಗೆ, ಆ ಮುಖದಿಂದಲೇ ಮಾತು ಬಂತು: “ಹೊಸ್ತಿಲಾ ಎತ್ತರ ಐತಿ. ಹುಷಾರು.”

ಅಫ್ರೀನ್ ಡಬರಿಯಲ್ಲಿ ಹಾಲು ಕಾಯಿಸಲು ಇಟ್ಟಳು. ಇನ್ನೂ ರತ್ನವ್ವನ ಜೊತೆ ಮಾತಾಡಿರಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು. ಮೊದಲ ಲೋಟವನ್ನು ಮಾತ್ರ ತಂದು ಅವಳ ಕೈಗೇ ಕೊಟ್ಟಳು.

ಮಷಿನ್ ಕಿಟಕಿಯ ಪಕ್ಕಕ್ಕೆ ಕೂತಿತು. ಮಾಬೂಬಿ ಬಗ್ಗಿ ಗೆರೆ ನೋಡಿದಳು. ಮಷಿನ್ ಗೆರೆಯಿಂದ ಎರಡು ಬೆರಳಿನಷ್ಟು ಆಚೆ ಬಂದಿತ್ತು.

“ಅವತ್ತ ಟೇಪು ಸಡಲ ಹಿಡಿದಿದ್ರಿ, ಅಕ್ಕಾರ.”

ಚೀಲದಿಂದ ಟೇಪು ತೆಗೆದು ಒಂದು ತುದಿ ಚಾಚಿದಳು. ರತ್ನವ್ವ ಹಾಲಿನ ಲೋಟ ಕಿಟಕಿಯಲ್ಲಿಟ್ಟು, ಆರು ತಿಂಗಳಿಂದ ತುಳಿಯದ ನೆಲದ ಮೇಲೆ ಕಾಲಿಟ್ಟು ಹೋಗಿ, ತುದಿಯನ್ನು ಬಿಗಿಯಾಗಿ ಹಿಡಿದಳು.