ಆರು ಮಿಲಿಮೀಟರ್ ಬಯಲು

ಒಂದು ಹಸಿರು ಹಲಗೆಯ ಮೇಲೆ ಇಬ್ಬರು ದೊರೆಗಳಿದ್ದರಂತೆ. ಒಬ್ಬನ ಸೀಮೆಗೆ ಊರಾಚೆಯ ತಂತಿಗಳಿಂದ ಗುಡುಗು ಮಿಂಚೆಲ್ಲ ಬಂದು ಇಳಿಯುತ್ತಿತ್ತು. ಇನ್ನೊಬ್ಬನ ಸೀಮೆಯಲ್ಲಿ ಮನುಷ್ಯರು ಕೈಯಿಟ್ಟು ಕೆಲಸ ಮಾಡುತ್ತಿದ್ದರು. ನಡುವೆ ಒಂದು ಬಯಲು. ಅಲ್ಲಿ ತಾಮ್ರದ ಒಂದು ಗೆರೆಯೂ ಕಾಲಿಡಬಾರದೆಂದು ಕಟ್ಟಳೆ.

ಆ ಬಯಲನ್ನು ಬರೆದವಳು ಯಮುನಾ. ೧೯೯೫ರ ಆಷಾಢ. ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ಹಸಿರು ಸರ್ಕ್ಯೂಟ್ ಬೋರ್ಡು ಮಾಡುವ, ಕೆ.ಆರ್. ಪುರದ ಒಂದು ಶೆಡ್ಡು. ಪಾರದರ್ಶಕ ಹಾಳೆಯ ಮೇಲೆ ಕಪ್ಪು ಟೇಪು ಅಂಟಿಸಿ ನಕ್ಷೆ ತೆಗೆಯುವುದು ಅವಳ ಕೆಲಸ. ಮೊದಲ ಬೋರ್ಡು ಅಂದೇ ಸೇಡಂ ಕಡೆಗೆ ಹೊರಡಬೇಕಿತ್ತು. ಬೆಸುಗೆ ಹಾಕುವ ಗಂಗಾಳ ತಮ್ಮ ಅಲ್ಲಿನ ಎಕ್ಸ್‌ಚೇಂಜಿನಲ್ಲಿದ್ದ. ಹೋದ ಮಳೆಗಾಲ ತಂತಿಯಲ್ಲಿ ಬಂದ ಸಿಡಿಲು ಅವನ ಅಂಗೈ ಸುಟ್ಟಿತ್ತು. ಈ ಬೋರ್ಡು ಅದನ್ನು ದಾಟಗೊಡುವುದಿಲ್ಲವೆಂದು ಯಮುನಾ ಗಂಗಾಳಿಗೆ ಮಾತು ಕೊಟ್ಟಿದ್ದಳು.

ಸೂಪರ್‌ವೈಸರ್ ಕೆಂಪರಾಜ್ ಪರೀಕ್ಷೆಯ ಯಂತ್ರದಿಂದ ಬಯಲಿನ ಎರಡು ದಡಗಳ ನಡುವೆ ಸಾವಿರದೈನೂರು ವೋಲ್ಟು ಕೊಟ್ಟರು. ಸೋರಿಕೆ ತೋರಿಸುವ ಮುಳ್ಳು ಅಲುಗಲಿಲ್ಲ.

"ಪಾಸು! ಪ್ಯಾಕ್ ಮಾಡಮ್ಮ, ಗಾಡಿಯವ್ನು ಹಾರ್ನ್ ಹೊಡೀತಾವ್ನೆ."

ಯಮುನಾ ಬೋರ್ಡು ಎತ್ತಿಕೊಳ್ಳುತ್ತಲೇ ಟ್ರಾನ್ಸ್‌ಫಾರ್ಮರಿನ ಬುಡದ ಬಯಲಿಗೆ ಸ್ಕೇಲು ಹಿಡಿದಳು. ಮೂರು. ಹಾಳೆಯ ಮೇಲೆ ಹಿಡಿದಳು. ಆರು. ನಕ್ಷೆ ಇರುವುದು ಎರಡು ಪಟ್ಟು ದೊಡ್ಡದಾಗಿ. ಕೊನೆ ಗಳಿಗೆಯಲ್ಲಿ ಟೇಪು ಸರಿಸಿದಾಗ, ಬೋರ್ಡಿನಲ್ಲಿ ಅದು ಅರ್ಧವಾಗುವುದನ್ನೇ ಮರೆತು, ಹನ್ನೆರಡರ ಬದಲು ಆರು ಬಿಟ್ಟಿದ್ದಳು.

"ಸಾರ್, ಬಯಲು ಇಲ್ಲಿ ಮೂರೇ ಮಿಲಿಮೀಟರ್ ಇದೆ. ಆರು ಇರ್ಬೇಕಿತ್ತು."

"ಪಾಸಾಯ್ತಲ್ಲಮ್ಮ."

"ಗಾಳೀಲಿ ನೆಗೆಯೋಕೆ ಕರೆಂಟ್‌ಗೆ ಮೂರೂ ದೂರಾನೇ. ಬೋರ್ಡ್ ಮೈಮೇಲೆ ತೆವಳ್ಕೊಂಡು ಬಂದ್ರೆ? ಧೂಳು, ತೇವ ಸೇರಿದ್ರೆ ಮೂರು ಸಾಲಲ್ಲ."

"ಶುರುವಾಯ್ತು ಅಜ್ಜಿ ಕಥೆ!"

ಗಂಗಾ ಕೆಲಸ ಬಿಟ್ಟು ಎದ್ದು ಬಂದಳು. "ಯಕ್ಕಾ, ನಮ್ಮ ತಮ್ಮ ಭೀಮಾಶಂಕರ ಇದರ ಮುಂದ ಕುಂದ್ರತಾನ."

ಯಮುನಾ ಕಿಟಕಿಯ ಧೂಳನ್ನು ಬೆರಳಿಂದ ಬಳಿದು ಬಯಲಿಗೆ ಸವರಿದಳು. ಬಾಯಿಯಿಂದ ಹಬೆ ಊದಿದಳು.

"ಈಗ ಕೊಡಿ ಸಾರ್."

ನೀಲಿ ಎಳೆಯೊಂದು ಹುಳದಂತೆ ಹೊರಳುತ್ತ ಆಚೆ ದಡ ಮುಟ್ಟಿತು. ಯಂತ್ರ ಚೀರಿ ನಿಂತಿತು. ಬಯಲಿನ ನಡುವೆ ಕರಿ ಗೀರು.

"ಇದ್ದಿದ್ದೇ ಒಂದು ಬೋರ್ಡು, ಸುಟ್ಟಾಕ್ಬಿಟ್ಟೆಯಲ್ಲೇ!" ಕೆಂಪರಾಜ್ ತಲೆ ಹಿಡಿದುಕೊಂಡರು.

"ಬಯಲು ಅಗಲ ಮಾಡೋಕಾಗಲ್ಲ ಸಾರ್. ಕಂದಕ ತೋಡ್ತೀನಿ. ನಡುವೆ ಉದ್ದಕ್ಕೆ ಸೀಳಿದ್ರೆ, ತೆವಳೋದು ಸುತ್ತು ಹಾಕ್ಕೊಂಡೇ ಬರ್ಬೇಕು. ಸುಟ್ಟಿದ್ದೂ ಹೋಗುತ್ತೆ."

ಹೊರಗೆ ಮತ್ತೆ ಹಾರ್ನು. ಕೆಂಪರಾಜ್ ಬಾಗಿಲಿಗೆ ಹೋಗಿ ಕೂಗಿದರು: "ಟೀ ಕುಡ್ಕೊಂಡು ಬಾ ಗುರು, ನನ್ನ ಲೆಕ್ಕದಲ್ಲಿ!"

ಗಂಗಾ ಬೋರ್ಡನ್ನು ಅದುಮಿ ಹಿಡಿದಳು. ಬಯಲಿನ ನಡುವೆ ಉದ್ದಕ್ಕೆ, ಕರಿ ಗೀರನ್ನೂ ಸೇರಿಸಿ, ಯಮುನಾ ಸಾಲಾಗಿ ಸಣ್ಣ ತೂತು ಕೊರೆದಳು; ಆಮೇಲೆ ಅವನ್ನು ಕೂಡಿಸುವ ತೆಳು ಗರಗಸ. ಎರಡೂ ಬದಿಗೆ ಮಿಲಿಮೀಟರಿನಾಚೆಗೆ ತಾಮ್ರ. ಬ್ಲೇಡು ಜಾರಿದರೆ ಬೋರ್ಡೂ ಇಲ್ಲ, ಮಾತೂ ಇಲ್ಲ. ಟಣ್ಣೆಂದು ಬ್ಲೇಡು ಮುರಿಯಿತು. ಗಂಗಾ ಕಣ್ಣು ಮುಚ್ಚಿಕೊಂಡಳು.

"ತಾಮ್ರಕ್ಕೆ ತಾಗಿಲ್ಲ ಕಣೇ, ಬಿಗಿಯಾಗಿ ಹಿಡಿ."

ಹೊಸ ಬ್ಲೇಡು. ಕೊನೆಗೆ ಅಂಚು ಉಜ್ಜಲು ಅರ. ಸೀಳಿನ ಸುತ್ತ ದಾರ ಹಿಡಿದು ಅಳೆದಾಗ ಆರನ್ನು ಚೆನ್ನಾಗಿಯೇ ದಾಟಿತ್ತು.

ಮತ್ತೆ ಧೂಳು. ಈ ಸಲ ಹಬೆ ಊದಿದವಳು ಗಂಗಾ. ಕೆಂಪರಾಜ್ ಗುಂಡಿ ಒತ್ತಿ ಗಡಿಯಾರ ನೋಡಿದರು. ಮುಳ್ಳು ಒಮ್ಮೆ ನಡುಗಿತು. ನಿಮಿಷ ಕಳೆಯಿತು. ಮುಳ್ಳು ಮೇಲೇಳಲಿಲ್ಲ.

"ಇನ್ನೊಂದ್ಸಲ," ಎಂದು ಅವರೇ ಧೂಳು ಸವರಿ, ಅವರೇ ಊದಿದರು. ಆಗಲೂ ಅಷ್ಟೇ.

"ನಕ್ಷೆಯಲ್ಲೂ ಈ ಸೀಳು ಹಾಕ್ಬಿಡು. ಬೋರ್ಡ್ ಬೋರ್ಡ್‌ಗೂ ಗರಗಸ ಹಿಡ್ಕೊಂಡು ಕೂರ್ತೀಯಾ?"

ಗಂಗಾ ಬೋರ್ಡನ್ನು ಒರೆಸಿ ಡಬ್ಬಿಯೊಳಗಿಟ್ಟಳು. ಯಮುನಾ ಮುಚ್ಚಳ ಬಿಗಿದು, ಹೊರಗೆ ಓಡಿ, ಗಾಡಿಯವನ ಕೈಗೆ ಕೊಟ್ಟಳು.